ಅಗ್ಗದ ಚಹಾ ಬೇಡವಾದದ್ದು ಯಾಕೆ?

ಪ್ರಶ್ನೆ: ತೆರಿಗೆ ಜಾಸ್ತಿ ಮಾಡಿದ್ದಕ್ಕೆ ಬಾಸ್ಟನ್ ಜನ ಚಹಾವನ್ನು ಸಮುದ್ರಕ್ಕೆ ಎಸೆದರು ಎಂದು ಶಾಲೆಯಲ್ಲಿ ಕಲಿತಿದ್ದೆ. ಆದರೆ 1773ರ ಚಹಾ ಕಾಯ್ದೆಯಿಂದ ಬೆಲೆ ಇಳಿದಿತ್ತಂತೆ. ಹಾಗಾದರೆ ಅಷ್ಟೊಂದು ಸಿಟ್ಟು ಯಾಕೆ?

ಉತ್ತರ: ಬೆಲೆ ಇಳಿದದ್ದು ನಿಜ. ಬಾಸ್ಟನ್ ಆಗ ಅಮೆರಿಕದಲ್ಲಿದ್ದ ಬ್ರಿಟಿಷ್ ವಸಾಹತಿನ ಬಂದರು. ಇತಿಹಾಸ ಪಾಠ ಮಾಡುತ್ತಿದ್ದಾಗ ಅಮೆರಿಕದ ಕ್ರಾಂತಿಯನ್ನು ನಾನು ಇಲ್ಲಿಂದಲೇ ಶುರು ಮಾಡುತ್ತಿದ್ದೆ. ಈ ಗಂಟು ಬಿಚ್ಚಿದರೆ ಹಿಂದಿನ ಹತ್ತು ವರ್ಷದ ಜಗಳವೂ ಅರ್ಥವಾಗುತ್ತದೆ.

ಈಸ್ಟ್ ಇಂಡಿಯಾ ಕಂಪನಿ ಆಗ ಸಾಲದಲ್ಲಿತ್ತು. ಲಂಡನ್ನಿನ ಗೋದಾಮುಗಳಲ್ಲಿ ಚೀನಾದ ಚಹಾ ರಾಶಿ ಬಿದ್ದಿತ್ತು. ಹೊಸ ಕಾಯ್ದೆ ಬ್ರಿಟನ್ನಿನಲ್ಲಿ ಕಟ್ಟಿದ ಸುಂಕವನ್ನು ಕಂಪನಿಗೆ ವಾಪಸ್ ಕೊಟ್ಟಿತು. ನೇರವಾಗಿ ಅಮೆರಿಕಕ್ಕೆ ಕಳಿಸಿ, ತನ್ನದೇ ಏಜೆಂಟರ ಕೈಲಿ ಮಾರಿಸಲು ಬಿಟ್ಟಿತು. ಮಧ್ಯದ ವ್ಯಾಪಾರಿಗಳು ಹೊರಬಿದ್ದರು. ಡಚ್ಚರ ಚಹಾವನ್ನು ಸುಂಕ ತಪ್ಪಿಸಿ ಕಳ್ಳಸಾಗಣೆ ಮಾಡುತ್ತಿದ್ದವರಿಗೂ ಏಟು ಬಿತ್ತು. ಇವರ ಸ್ವಾರ್ಥವೂ ಆ ಗಲಾಟೆಯಲ್ಲಿತ್ತು, ಅದನ್ನು ಮುಚ್ಚಿಡಬಾರದು.

ಆದರೆ ಅಮೆರಿಕದ ಬಂದರಿನಲ್ಲಿ ಪೌಂಡ್ ತೂಕಕ್ಕೆ ಮೂರು ಪೆನ್ನಿ ಸುಂಕ ಹಾಗೇ ಉಳಿಯಿತು. ಇದು 1767ರಲ್ಲಿ ಬ್ರಿಟನ್ನಿನ ಹಣಕಾಸು ಮಂತ್ರಿ ಟೌನ್‌ಶೆಂಡ್ ಹಾಕಿದ್ದು. ಗಾಜು, ಕಾಗದ, ಬಣ್ಣ, ಸೀಸದ ಮೇಲಿನ ಸುಂಕವನ್ನು 1770ರಲ್ಲಿ ತೆಗೆದರೂ ಚಹಾದ್ದನ್ನು ಬೇಕೆಂದೇ ಉಳಿಸಿಕೊಂಡಿದ್ದರು. ತೆರಿಗೆ ಹಾಕುವ ಹಕ್ಕು ಬ್ರಿಟನ್ನಿನ ಪಾರ್ಲಿಮೆಂಟಿನದೇ ಎಂದು ತೋರಿಸಬೇಕಿತ್ತು, ಅಷ್ಟೇ. ಆ ಪಾರ್ಲಿಮೆಂಟಿಗೆ ಅಮೆರಿಕದವರು ಒಬ್ಬ ಸದಸ್ಯನನ್ನೂ ಆರಿಸುತ್ತಿರಲಿಲ್ಲ.

ಆ ದುಡ್ಡು ಯಾರಿಗೆ ಹೋಗುತ್ತಿತ್ತು ಎಂಬುದೂ ಮುಖ್ಯ. ಗವರ್ನರ್ ಮತ್ತು ನ್ಯಾಯಾಧೀಶರ ಸಂಬಳಕ್ಕೆ. ಸಂಬಳ ಕೊಡುವುದು ಜನರ ಸಭೆಯಾದರೆ ಗವರ್ನರ್ ಜನರ ಮಾತಿಗೆ ಕಿವಿಗೊಡಲೇಬೇಕು. ಆ ಹಿಡಿತ ಕೈಬಿಟ್ಟು ಹೋದರೆ ಸುಮ್ನೆ ಇರಲಾಗುತ್ತದಾ? ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್‌ನ ಗವರ್ನರ್ ಥಾಮಸ್ ಹಚಿನ್‌ಸನ್‌ನ ಇಬ್ಬರು ಗಂಡುಮಕ್ಕಳೇ ಚಹಾ ಏಜೆಂಟರಾಗಿದ್ದರು ಎಂಬುದನ್ನೂ ಸೇರಿಸಿಕೊಳ್ಳಿ.

ನವೆಂಬರ್ ಕೊನೆಗೆ ಚಹಾ ಹೊತ್ತ ಡಾರ್ಟ್‌ಮೌತ್ ಹಡಗು ಬಾಸ್ಟನ್ನಿಗೆ ಬಂತು, ಹಿಂದೆಯೇ ಇನ್ನೆರಡು ಬಂದವು. ಸುಂಕ ಕಟ್ಟಲು ಇಪ್ಪತ್ತು ದಿನ ಗಡುವು, ತಪ್ಪಿದರೆ ಮಾಲು ಜಪ್ತಿ. ಚಹಾ ಇಳಿಸದೆ ವಾಪಸ್ ಕಳಿಸಿ ಎಂದು ಜನ ಕೇಳಿದರು. ಸುಂಕ ಕಟ್ಟದೆ ಹಡಗು ಹೊರಡುವಂತಿಲ್ಲ ಎಂದು ಹಚಿನ್‌ಸನ್ ಹಟ ಹಿಡಿದ. ಗಡುವಿನ ಹಿಂದಿನ ರಾತ್ರಿ, ಡಿಸೆಂಬರ್ 16ರಂದು, ಮೂರು ಹಡಗುಗಳಿಂದ 342 ಪೆಟ್ಟಿಗೆ ಚಹಾ ನೀರುಪಾಲಾಯಿತು. ಪೆಟ್ಟಿಗೆಗಳನ್ನು ಡೆಕ್‌ಗೆ ಎತ್ತಿ, ಕೊಡಲಿಯಿಂದ ಒಡೆದು ಸುರಿದರು. ಹಚಿನ್‌ಸನ್ ಒಂದು ಹೆಜ್ಜೆ ಹಿಂದೆ ಸರಿದಿದ್ದರೆ ಆ ರಾತ್ರಿ ಬರುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಪ್ರಶ್ನೆ: 1765ರ ಸ್ಟಾಂಪ್ ಕಾಯ್ದೆ ಅಷ್ಟು ಭಾರವಾಗಿತ್ತಾ?

ಉತ್ತರ: ಪತ್ರಿಕೆ, ಕಾಗದಪತ್ರಗಳಿಗೆ ತೆರಿಗೆ ಕಟ್ಟಿ ಸರ್ಕಾರದ ಮುದ್ರೆ ಹಾಕಿಸಬೇಕು ಎನ್ನುವ ಕಾಯ್ದೆ ಅದು. ಪತ್ರಿಕೆಯ ಒಂದು ಪ್ರತಿಗೆ ಅರ್ಧ ಪೆನ್ನಿಯೋ ಒಂದು ಪೆನ್ನಿಯೋ. ಕೇಳಲು ಸಣ್ಣದು. ಆದರೆ ಪ್ರತಿ ಜಾಹೀರಾತಿಗೆ ಎರಡು ಶಿಲ್ಲಿಂಗ್ (ಒಂದು ಶಿಲ್ಲಿಂಗ್ ಎಂದರೆ ಹನ್ನೆರಡು ಪೆನ್ನಿ), ಇಸ್ಪೀಟಿನ ಒಂದು ಕಟ್ಟಿಗೆ ಒಂದು ಶಿಲ್ಲಿಂಗ್. ಕೋರ್ಟಿನ ಕಾಗದ, ಜಮೀನಿನ ಪತ್ರ, ಪಂಚಾಂಗ, ಯಾವುದೂ ತಪ್ಪಲಿಲ್ಲ. ಮೊದಲೇ ನಾಣ್ಯದ ಬರ ಇದ್ದ ಕಡೆ ಬ್ರಿಟಿಷ್ ಹಣದ ಲೆಕ್ಕದಲ್ಲೇ ಕಟ್ಟಬೇಕಿತ್ತು. ತಪ್ಪಿದವರನ್ನು ಜ್ಯೂರಿ ಇಲ್ಲದ ನೌಕಾ ನ್ಯಾಯಾಲಯಕ್ಕೆ ಎಳೆಯಬಹುದಿತ್ತು. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಜೊತೆಗೆ ಸರ್ಕಾರ ಕೆಣಕಿದ್ದು ಮುದ್ರಕರನ್ನು, ವಕೀಲರನ್ನು. ಊರಿಗೆಲ್ಲ ಸುದ್ದಿ ಮುಟ್ಟಿಸಬಲ್ಲ ಜನ ಇವರೇ ಅಲ್ವಾ? ಕಾಯ್ದೆ ಜಾರಿಗೆ ಬರುವ ಹಿಂದಿನ ದಿನ, ಅಕ್ಟೋಬರ್ 31ರಂದು, ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ಜರ್ನಲ್ ತನ್ನ ಮುಖಪುಟವನ್ನು ಸಮಾಧಿ ಕಲ್ಲಿನ ಹಾಗೆ, ದಪ್ಪ ಕಪ್ಪು ಅಂಚು ಹಾಕಿ ಅಚ್ಚು ಮಾಡಿತು. ಸ್ಟಾಂಪ್ ಬರಬೇಕಾದ ಜಾಗದಲ್ಲಿ ತಲೆಬುರುಡೆ ಇತ್ತು.

ಪ್ರಶ್ನೆ: ಬ್ರಿಟನ್ ಕಡೆ ನ್ಯಾಯವೇ ಇರಲಿಲ್ಲವೇ?

ಉತ್ತರ: ಇತ್ತು. 1763ಕ್ಕೆ ಮುಗಿದ ಏಳು ವರ್ಷದ ಯುದ್ಧದಿಂದ ಬ್ರಿಟನ್ನಿನ ಸಾಲ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಅಮೆರಿಕದಲ್ಲಿ ಇಡುವ ಸೈನ್ಯದ ಖರ್ಚಿಗೆ ಅಲ್ಲಿಯವರೂ ಸ್ವಲ್ಪ ಕೊಡಲಿ ಎನ್ನುವುದು ತಪ್ಪಲ್ಲ. ಬ್ರಿಟನ್ನಿನ ಜನ 1694ರಿಂದಲೇ ಸ್ಟಾಂಪ್ ತೆರಿಗೆ ಕಟ್ಟುತ್ತಿದ್ದರು. ಆದರೆ ವಸಾಹತುಗಳ ಸಭೆಗಳ ಒಪ್ಪಿಗೆ ಪಡೆಯಲು ಬ್ರಿಟನ್ನಿಗೆ ಮನಸ್ಸಿರಲಿಲ್ಲ. 1766ರ ಮಾರ್ಚ್ 18ರಂದು ಸ್ಟಾಂಪ್ ಕಾಯ್ದೆ ರದ್ದಾದ ದಿನವೇ ಇನ್ನೊಂದು ಕಾಯ್ದೆಗೆ ಅರಸನ ಒಪ್ಪಿಗೆ ಬಿತ್ತು: ಯಾವ ವಿಷಯದಲ್ಲೇ ಆಗಲಿ, ವಸಾಹತುಗಳನ್ನು ಕಟ್ಟಿಹಾಕುವ ಕಾನೂನು ಮಾಡುವ ಹಕ್ಕು ಪಾರ್ಲಿಮೆಂಟಿಗಿದೆ ಎಂದು.