ಅಪ್ಪನ ವರ್ಕ್‌ಶಾಪೋ, ತಿರುಚ್ಚಿಯ ಪಿಎಚ್‌ಡಿಯೋ?

ಪ್ರಶ್ನೆ: ನಾನು ಹುಬ್ಬಳ್ಳಿಯವನು, ವಯಸ್ಸು 28. ವೆಲ್ಡಿಂಗ್‌ನಲ್ಲಿ ಎಂ.ಟೆಕ್ ಮುಗಿಸಿ ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ. ತಿರುಚ್ಚಿ ಎನ್‌ಐಟಿಯಲ್ಲಿ ಫೆಲೋಶಿಪ್ ಸಹಿತ ಪಿಎಚ್‌ಡಿ ಸೀಟು ಸಿಕ್ಕಿದೆ. ಗೋಕುಲ ರೋಡಿನಲ್ಲಿ ಅಪ್ಪನ ಫ್ಯಾಬ್ರಿಕೇಷನ್ ಶಾಪ್ ಇದೆ. 'ವೆಲ್ಡಿಂಗ್ ಕೈಯಾಗ ಐತಿ, ಪುಸ್ತಕದಾಗಿಲ್ಲ, ಶಾಪ್ ನೋಡ್ಕೋ' ಅಂತಾರೆ. ಕಾಲೇಜಿನವರು ಇಲ್ಲೇ ಪಾರ್ಟ್‌ಟೈಮ್ ಮಾಡಿ ಅಂತಾರೆ. ಏನು ಮಾಡಲಿ?

ಉತ್ತರ: ತಿರುಚ್ಚಿಗೆ ಹೋಗಿ. ಆದರೆ ಯಾಕೆ ಅಂತ ನಿಮಗೇ ಗಟ್ಟಿಯಾಗದಿದ್ದರೆ ಅಪ್ಪನ ಮುಂದೆ ಬಾಯಿ ಬರಲ್ಲ.

ಪತ್ರದ ನಡುವೆ ಒಂದು ವಿಷಯ ಸುಮ್ನೆ ಬರೆದುಬಿಟ್ಟಿದ್ದೀರಿ. ಮಳೆಗಾಲದಲ್ಲಿ ಟ್ರೇಲರಿನ ದಪ್ಪ ಪ್ಲೇಟಿಗೆ ಹಾಕಿದ ವೆಲ್ಡ್ ಸಂಜೆ ಚೆನ್ನಾಗಿತ್ತು, ಬೆಳಿಗ್ಗೆ ನೋಡಿದರೆ ಅಂಚಿನಲ್ಲಿ ಬಿರುಕು. ಅಪ್ಪ ವೆಲ್ಡರನ್ನು ಬೈದು ಮತ್ತೆ ಹಾಕಿಸಿದರು. ನೀವು ಆ ತುಂಡನ್ನು ಕತ್ತರಿಸಿ ಕಾಲೇಜಿಗೆ ಒಯ್ದು, ಎಮರಿ ಪೇಪರಿನಲ್ಲಿ ಉಜ್ಜಿ, ಲೋಹದ ಒಳರಚನೆ ಕಾಣಿಸುವ ನೈಟಾಲ್ ಎಂಬ ಆಮ್ಲದ್ರಾವಣ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿದಿರಿ. ಬಿರುಕು ಇದ್ದದ್ದು ವೆಲ್ಡಿನಲ್ಲಲ್ಲ, ಪಕ್ಕದಲ್ಲಿ ಕಾವು ತಿಂದ ಲೋಹದಲ್ಲಿ. ತೇವ ಹಿಡಿದ 7018 ಅನ್ನೋ ವೆಲ್ಡಿಂಗ್ ರಾಡಿನಿಂದ ಹೈಡ್ರೋಜನ್ ಒಳಗೆ ಸೇರಿತ್ತು, ಪ್ರೀಹೀಟ್ ಇಲ್ಲದೆ, ಅಂದರೆ ಪ್ಲೇಟನ್ನು ಮೊದಲೇ ಬಿಸಿ ಮಾಡದೆ ಹಾಕಿದ್ದಕ್ಕೆ ಬೇಗ ತಣ್ಣಗಾದ ಉಕ್ಕು ಪೆಡಸಾಗಿತ್ತು. ಇಂಥ ಬಿರುಕು ಎರಡು ದಿನ ಬಿಟ್ಟೂ ಕಾಣಿಸಿಕೊಳ್ಳಬಹುದು. ರಾಡನ್ನು ಓವನ್‌ನಲ್ಲಿ 300 ಡಿಗ್ರಿ ದಾಟಿಸಿ ಒಣಗಿಸಿ, ಪ್ಲೇಟು ಬಿಸಿ ಮಾಡಿ ಹಾಕಿಸಿದ ಮೇಲೆ ಮತ್ತೆ ಬರಲಿಲ್ಲ ಅಂತೀರಿ. ಇದನ್ನು ನಿಮಗೆ ಯಾರೂ ಹೇಳಿ ಮಾಡಿಸಿದ್ದಲ್ಲ, ಅಲ್ವಾ? ಅಪ್ಪನ ಮುಂದೆ ಇಡಬೇಕಾದದ್ದು ಆ ತುಂಡು, ಅಡ್ಮಿಷನ್ ಪತ್ರ ಅಲ್ಲ.

ಅಪ್ಪನ ಮಾತೂ ಪೂರ್ತಿ ಸುಳ್ಳಲ್ಲ. ಒಮ್ಮೆಯೂ ವೆಲ್ಡಿಂಗ್ ರಾಡಿನ ಹೋಲ್ಡರ್ ಹಿಡಿಯದೆ ಆರ್ಕ್ ವೆಲ್ಡಿಂಗ್ ಬಗ್ಗೆ ಪಾಠ ಮಾಡೋ ಮೇಷ್ಟ್ರುಗಳು ಬೇಕಾದಷ್ಟಿದ್ದಾರೆ. ಅವರ ಶಾಪಿನಲ್ಲಿ ಕಲಿತ ಕೈ ನಿಮಗೆ ಕೊನೇವರೆಗೂ ಬೇಕು, ಅದನ್ನು ಅವರಿಗೆ ಬಾಯಿಬಿಟ್ಟು ಹೇಳಿ.

ಪಾರ್ಟ್‌ಟೈಮ್ ಬೇಡ. ಪಾಠ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಫೈಲು, ಅಡ್ಮಿಷನ್ ಡ್ಯೂಟಿ ಮುಗಿಸಿ ಉಳಿದ ಸಂಜೆಯಲ್ಲಿ ಪ್ರಯೋಗ ಆಗಲ್ಲ. ಲ್ಯಾಬ್ ಇರೋ ಕಡೆ ಇರಬೇಕು. ತಿರುಚ್ಚಿ ಎನ್‌ಐಟಿಯಲ್ಲಿ ವೆಲ್ಡಿಂಗ್‌ಗೇ ಎಂ.ಟೆಕ್ ಇದೆ, ಅದೇ ಊರಲ್ಲಿ ಬಿಎಚ್‌ಇಎಲ್‌ನ ವೆಲ್ಡಿಂಗ್ ಸಂಶೋಧನಾ ಸಂಸ್ಥೆ ಇದೆ. ಆದರೆ ಊರಿಗಿಂತ ಗೈಡ್ ಮುಖ್ಯ. ಅವರ ಹಳೆ ವಿದ್ಯಾರ್ಥಿಗಳಿಗೆ ಫೋನ್ ಮಾಡಿ. ಎಷ್ಟು ವರ್ಷಕ್ಕೆ ಮುಗೀತು, ಮಷಿನ್ ಮುಟ್ಟೋಕೆ ಬಿಡ್ತಾರಾ, ಪೇಪರಿನಲ್ಲಿ ಯಾರ ಹೆಸರು ಮೊದಲು ಬರುತ್ತೆ, ಎಲ್ಲಾ ಕೇಳಿ.

ದುಡ್ಡಿನ ಮಾತು. ಫೆಲೋಶಿಪ್ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000. ಒಬ್ಬರಿಗೆ ಸಾಕು, ಮನೆಗೆ ಜಾಸ್ತಿ ಕಳಿಸೋಕಾಗಲ್ಲ. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಪ್ರಕಾರ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ 57,700. ಎಷ್ಟೋ ಖಾಸಗಿ ಕಾಲೇಜುಗಳಲ್ಲಿ ಅದು ಕಾಗದದಲ್ಲಷ್ಟೇ ಇರುತ್ತದೆ, ನಿಮಗೇ ಗೊತ್ತು. ಐಐಟಿ, ಎನ್‌ಐಟಿ ಕೆಲಸಕ್ಕೆ ಪಿಎಚ್‌ಡಿ ಬೇಕೇ ಬೇಕು. ಮುಗಿದ ಕೂಡಲೇ ಸಿಗುತ್ತೆ ಅಂತ ಮಾತ್ರ ಅಪ್ಪನಿಗೆ ಮಾತು ಕೊಡಬೇಡಿ.

ಐದು ವರ್ಷ ಶಾಪ್ ಯಾರು ನೋಡಬೇಕು ಅನ್ನೋದನ್ನು ಈಗಲೇ ಕೂತು ಮಾತಾಡಿ. ಹಳೆಯ ವೆಲ್ಡರಿಗೆ ಮೇಲುಸ್ತುವಾರಿ ಕೊಟ್ಟು ಲಾಭದಲ್ಲಿ ಪಾಲು ಕೊಟ್ಟರೆ ಹೇಗೆ, ಕೇಳಿ ನೋಡಿ. ಇನ್ನೊಂದು, ಕಾಲೇಜು ನಿಮ್ಮ ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಂಡಿದ್ದರೆ ರಾಜೀನಾಮೆ ಕೊಡೋ ಮೊದಲೇ ವಾಪಸ್ ತಗೊಳ್ಳಿ.