ಎಷ್ಟಾಣೆ ನೋವು ಐತಿ ಅಜ್ಜಿ?

ಪ್ರಶ್ನೆ: ನಾನು ಕೊಪ್ಪಳದ ಕಡೆಯವಳು, ವಯಸ್ಸು 26. ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಸಿಂಧನೂರು ಹತ್ತಿರದ ಅಜ್ಜಿಯೊಬ್ಬರು ಕ್ಯಾನ್ಸರ್ ಆಗಿ ನಮ್ಮ ವಾರ್ಡಿನಲ್ಲಿ ಇಪ್ಪತ್ತು ದಿನ ಇದ್ದರು. ಚಹಾಕ್ಕೆ ಸಕ್ಕರೆ ಜಾಸ್ತಿ ಬೇಕು ಅಂತ ದಿನಾ ಜಗಳ. ಒಂದು ರಾತ್ರಿ ನೋವು ತಡೀಲಾರದೆ ನರಳುತ್ತಿದ್ದರು. ಮುಂದಿನ ಇಂಜೆಕ್ಷನ್‌ಗೆ ಇನ್ನೂ ಎರಡು ತಾಸು ಇತ್ತು. ಸೀನಿಯರ್ "ದಿನಾ ಇದ್ದದ್ದೇ ಬಿಡು" ಅಂದರು. ನಾನೂ "ತಡಿ ಅಜ್ಜಿ" ಅಂತ ಹೇಳಿ ಬಂದುಬಿಟ್ಟೆ. ಮರುದಿನ ನಸುಕಿನಲ್ಲಿ ತೀರಿಕೊಂಡರು. ಮಗಳು ದಿನದ ಕಾರ್ಯಕ್ಕೆ ಕರೆದಿದ್ದಾಳೆ. ಹೋಗಲೋ ಬೇಡವೋ? ಹೋದರೆ ಆ ರಾತ್ರಿಯ ವಿಷಯ ಹೇಳಬೇಕಾ? ನಮ್ಮ ಯಜಮಾನರು "ಯಾರೋ ಪೇಷಂಟ್ ಸತ್ರೆ ನೀನ್ಯಾಕೆ ಅಳ್ತೀ" ಅಂತಾರೆ.

ಉತ್ತರ: ಹೋಗಿ ಬಾ ತಂಗಿ. ನಾನೂ ಬಳ್ಳಾರಿಯಲ್ಲಿ ವಾರ್ಡಿನಲ್ಲೇ ತಲೆ ಹಣ್ಣು ಮಾಡಿಕೊಂಡವಳು, ಹಾಗಾಗಿ ನೀನು ಅಂತಲೇ ಬರೀತೀನಿ.

ಇಂಜೆಕ್ಷನ್ ಎರಡು ತಾಸು ಮೊದಲೇ ಕೊಟ್ಟಿದ್ದರೆ ಅಜ್ಜಿ ಬದುಕುತ್ತಿದ್ದರು ಅಂತ ನಿನಗೂ ಅನ್ನಿಸಿಲ್ಲ. ನಿನ್ನನ್ನು ಕೊರೆಯುತ್ತಿರುವುದು "ತಡಿ ಅಜ್ಜಿ" ಅನ್ನೋ ಮಾತು. ಅಲ್ವಾ? ಅಲ್ಲಿ ತಪ್ಪಾಗಿದೆ, ಸುಮ್ನೆ ಸಮಾಧಾನಕ್ಕೆ ಇಲ್ಲ ಅನ್ನಲಾರೆ. ಡಾಕ್ಟರ್ ಬರೆಯದೆ ನೀನು ಇಂಜೆಕ್ಷನ್ ಕೊಡುವಂತಿಲ್ಲ, ನಿಜ. ಆದರೆ ಹೊತ್ತಿಗೆ ಮುಂಚೆಯೇ ನೋವು ಕೆರಳಿದೆ ಅಂದರೆ ಬರೆದ ಔಷಧಿ ಸಾಲುತ್ತಿಲ್ಲ ಅಂತ ಅರ್ಥ. ಕ್ಯಾನ್ಸರ್ ನೋವಿಗೆ ಗಡಿಯಾರ ನೋಡಿ ಔಷಧಿ ಕೊಡುವುದೇ ಮತ್ತೆ ನೋವು ಏಳುವುದಕ್ಕೆ ಮೊದಲೇ ತಡೆಯಲಿ ಅಂತ. ನಡುವೆ ಎದ್ದರೆ ಬೇರೆ ಡೋಸ್ ಬರೆಸಿಕೊಳ್ಳಬಹುದು. ಡ್ಯೂಟಿ ಡಾಕ್ಟರನ್ನು ಎಬ್ಬಿಸಬೇಕಿತ್ತು. ರಾತ್ರಿ ಎಬ್ಬಿಸಿದರೆ ರೇಗುತ್ತಾರೆ, ಗೊತ್ತು, ನಾನೂ ಎಷ್ಟೋ ಸಲ ಬೈಸಿಕೊಂಡಿದ್ದೇನೆ.

ಅಮೆರಿಕದ ಮಾರ್ಗೋ ಮೆಕ್‌ಕ್ಯಾಫರಿ ಅನ್ನೋ ನರ್ಸ್ 1968ರಲ್ಲೇ ಹೇಳಿದ್ದರು: ಅನುಭವಿಸುವವರು ಏನು ಹೇಳುತ್ತಾರೋ ಅದೇ ನೋವು, ಅವರು ಇದೆ ಅಂದಾಗ ಅದು ಇದೆ. "ದಿನಾ ಇದ್ದದ್ದೇ" ಅಂದ ನಿನ್ನ ಸೀನಿಯರ್‌ಗೂ ಇದನ್ನು ಕಾಲೇಜಿನಲ್ಲಿ ಕಲಿಸಿರುತ್ತಾರೆ, ಮರೆತಿದ್ದಾರೆ ಅಷ್ಟೇ. ಇನ್ನೊಂದು. ನಮ್ಮ ಹಳ್ಳಿ ಅಜ್ಜಿಯರಿಗೆ "ಹತ್ತರಲ್ಲಿ ಎಷ್ಟು ನೋವು" ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ರೂಪಾಯಿಗೆ ಹದಿನಾರಾಣೆ ಅನ್ನೋ ಹಳೇ ಲೆಕ್ಕದಲ್ಲಿ ಕೇಳಿ ನೋಡು, "ಎಷ್ಟಾಣೆ ಐತಿ ಅಜ್ಜಿ?" ಅಂತ. ಒಬ್ಬ ಅಜ್ಜಿ ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡೇ "ಹದ್ನಾಕಾಣೆ ಐತವ್ವಾ" ಅಂದಿದ್ದಳು, ಔಷಧಿ ಕೊಟ್ಟು ಅರ್ಧ ತಾಸಿನ ಮೇಲೆ ಹೋದರೆ ಸೆರಗು ಬಿಟ್ಟಿದ್ದಳು, "ಈಗ ಆರಾಣೆ" ಅಂದಳು. ಅದನ್ನು ಹಾಗೇ ಕೇಸ್ ಶೀಟಿನಲ್ಲಿ ಟೈಮ್ ಹಾಕಿ ಬರೆದಿಟ್ಟೆ. ಬರೆದದ್ದು ಕಣ್ಣೆದುರಿಗಿದ್ದರೆ ಡಾಕ್ಟರಿಗೂ ತಳ್ಳಿಹಾಕೋದು ಕಷ್ಟ.

ಇನ್ನು ನಿನ್ನ ಅಳು. ಹೀಗೆ ಸುತ್ತಲಿನವರು ಲೆಕ್ಕಕ್ಕೇ ಹಿಡಿಯದ ದುಃಖದ ಬಗ್ಗೆ ಕೆನೆತ್ ಡೋಕಾ ಅನ್ನೋ ಅಮೆರಿಕದ ಪ್ರೊಫೆಸರ್ 1989ರಲ್ಲೇ ಪುಸ್ತಕ ತಂದಿದ್ದಾರೆ. ಇಪ್ಪತ್ತು ದಿನ ಮೈ ಒರೆಸಿ, ಮಗ್ಗುಲು ಬದಲಿಸಿ, ಸಕ್ಕರೆಗೆ ಜಗಳ ಆಡಿದವಳಿಗೆ ಅಳು ಬರದಿದ್ದರೆ ಹೇಗೆ? ಯಜಮಾನರಿಗೆ ಆ ಸಕ್ಕರೆ ಜಗಳವನ್ನೇ ಹೇಳು, "ಪೇಷಂಟ್" ಅನ್ನಬೇಡ. ನಿದ್ದೆ, ಊಟ ಹೀಗೇ ಕೆಟ್ಟರೆ 14416ಕ್ಕೆ ಫೋನ್ ಮಾಡು, ಅದು ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಆ ರಾತ್ರಿಯ ವಿಷಯ ನೀನಾಗಿಯೇ ಎತ್ತಬೇಡ. ಕಾರ್ಯದ ದಿನ ಮಗಳು ನಿನ್ನನ್ನು ಸಮಾಧಾನ ಮಾಡುತ್ತಾ ಕೂರುವಂತಾಗಬಾರದು. ಆದರೆ ಅವಳೇ "ಕೊನೆಗೆ ನಮ್ಮವ್ವಗೆ ತ್ರಾಸ್ ಆಯ್ತಾ?" ಅಂತ ಕೇಳಿದರೆ ಸುಳ್ಳು ಬೇಡ. "ಆ ರಾತ್ರಿ ನೋವಿತ್ತು, ನಾನು ಡಾಕ್ಟರನ್ನು ಕರೆಯಬೇಕಿತ್ತು, ಕರೆಯಲಿಲ್ಲ" ಅನ್ನು. ಬೈದರೆ ಬೈಸಿಕೋ. ಸಕ್ಕರೆ ವಿಷಯ ಅವಳಿಗೆ ಗೊತ್ತೋ ಇಲ್ಲವೋ, ಅದನ್ನಂತೂ ಹೇಳು. ಅವತ್ತು ಡ್ಯೂಟಿ ಇದ್ದರೆ ಯಾರ ಜೊತೆಗಾದರೂ ಈಗಲೇ ಬದಲಾಯಿಸಿಕೋ.