ಓದುಗರ ಪ್ರಶ್ನೆಗೆ ಉತ್ತರ: ಪೆಲೆಟ್ ಬಾಯ್ಲರ್‌ನಲ್ಲಿ ಕಿಟ್ಟ ಕಟ್ಟಿದರೆ

ಪ್ರಶ್ನೆ: ಜರ್ಮನಿ ಅಣುಸ್ಥಾವರ ಮುಚ್ಚಿ ಮರದ ಪೆಲೆಟ್ (ಮರದ ಪುಡಿ ಒತ್ತಿ ಮಾಡಿದ ಗುಳಿಗೆ) ಉರಿಸುತ್ತಿದೆಯಂತೆ, ನಿಜವೇ?
– ಓದುಗರು, ಮೈಸೂರು

ಉತ್ತರ: ಎರಡೂ ನಿಜ, ಆದರೆ ಒಂದರ ಜಾಗಕ್ಕೆ ಇನ್ನೊಂದು ಬಂದಿಲ್ಲ. ಕೊನೆಯ ಮೂರು ಸ್ಥಾವರಗಳಾದ ಇಸಾರ್-2, ಎಮ್ಸ್‌ಲ್ಯಾಂಡ್, ನೆಕರ್‌ವೆಸ್ಟ್‌ಹೈಮ್-2 ನಿಂತದ್ದು 2023ರ ಏಪ್ರಿಲ್ 15ರಂದು. ಅವು ಕೊಡುತ್ತಿದ್ದದ್ದು ವಿದ್ಯುತ್ತು. ಪೆಲೆಟ್ ಮುಖ್ಯವಾಗಿ ಹೋಗುವುದು ಮನೆ ಬೆಚ್ಚಗಿಡಲು. ಅಲ್ಲಿ ಅದರ ಪೈಪೋಟಿ ತೈಲ ಮತ್ತು ಅನಿಲದ ಜೊತೆ. ಎರಡು ಕಿಲೋ ಪೆಲೆಟ್ ಹೆಚ್ಚುಕಡಿಮೆ ಒಂದು ಲೀಟರ್ ತೈಲಕ್ಕೆ ಸಮ.

ಪ್ರಶ್ನೆ: ನಮ್ಮ 15 ಕಿಲೋವಾಟ್ ಪೆಲೆಟ್ ಬಾಯ್ಲರ್‌ನಲ್ಲಿ ಬೂದಿ ಕಲ್ಲಿನಂತಾಗಿ ಉರಿಬಟ್ಟಲಿಗೆ ಅಂಟುತ್ತಿದೆ. ಬಾಯ್ಲರ್ ಬದಲಿಸಬೇಕೇ?
– ಓದುಗರು, ಸ್ಟುಟ್‌ಗಾರ್ಟ್

ಉತ್ತರ: ಅಷ್ಟು ಅವಸರ ಬೇಡ. ಮೊದಲ ಅನುಮಾನ ಪೆಲೆಟ್ ಮೇಲಿರಲಿ. ತೊಗಟೆ, ಮಣ್ಣು, ಮರಳು ಬೆರೆತಿದ್ದರೆ ಬೂದಿ ಕಡಿಮೆ ಶಾಖಕ್ಕೇ ಕರಗುತ್ತದೆ, ಆರಿದಾಗ ಕಿಟ್ಟವಾಗುತ್ತದೆ. ಪೆಲೆಟ್ ಗುಣಮಟ್ಟದ ಮುದ್ರೆಯಾದ ಇಎನ್‌ಪ್ಲಸ್‌ನ ಎ1 ದರ್ಜೆಯಲ್ಲಿ ಬೂದಿ ಶೇ. 0.7, ತೇವ ಶೇ. 10 ಮೀರುವಂತಿಲ್ಲ.

ಎರಡನೆಯದು ಗಾಳಿ. ಉರಿಬಟ್ಟಲಿನ ತೂತು ಕಟ್ಟಿದರೆ ತಳಕ್ಕೆ ತಂಪು ಗಾಳಿ ಸಿಗದೆ ಅದು ವಿಪರೀತ ಕಾಯುತ್ತದೆ. ಬಾಯ್ಲರ್ ನಿಲ್ಲಿಸಿ, ಪೂರ್ತಿ ಆರಿದ ಮೇಲೆ ಕಿಟ್ಟ ಕೆರೆದು, ಒಂದೊಂದೇ ತೂತನ್ನು ತಂತಿಯಿಂದ ಬಿಡಿಸಿ. ಮನೆಯ ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಬಳಸಬೇಡಿ: ಬೂದಿಯೊಳಗೆ ಕೆಂಡ ಅಡಗಿರುತ್ತದೆ, ಚೀಲಕ್ಕೆ ಬೆಂಕಿ ಹತ್ತೀತು.

ಆಮೇಲೆ ಎ1 ದರ್ಜೆಯ 15 ಕಿಲೋ ಚೀಲ ನಾಲ್ಕೈದು ತಂದು ಅದನ್ನಷ್ಟೇ ಉರಿಸಿ. ಕಿಟ್ಟ ನಿಂತಿತೆಂದರೆ ತಪ್ಪು ನಿಮ್ಮಲ್ಲಿದ್ದ ಪೆಲೆಟ್ ದಾಸ್ತಾನಿನದು. ಆಗಲೂ ನಿಲ್ಲದಿದ್ದರೆ ಮಾತ್ರ ತಂತ್ರಜ್ಞರನ್ನು ಕರೆದು ಗಾಳಿಯ ಹೊಂದಾಣಿಕೆ ನೋಡಿಸಿ.

ಪೆಲೆಟ್ ಒಳ್ಳೆಯದಾಗಿದ್ದೂ, ಲಾರಿಯಿಂದ ಕೊಳವೆಯಲ್ಲಿ ಊದಿ ದಾಸ್ತಾನು ಕೋಣೆಗೆ ತುಂಬಿಸುವಾಗ ಪುಡಿಯಾಗಬಹುದು. ಲಾರಿಯ ಕೊಳವೆ 30 ಮೀಟರ್ ದಾಟದಿರಲಿ. ಪೆಲೆಟ್ ಬಂದು ಬಡಿಯುವ ಗೋಡೆಗೆ ರಬ್ಬರ್ ಹಾಸು ಇಳಿಬಿಡಿ. ಈ ಪುಡಿ ಆ ಕೋಣೆಯ ತಳದಲ್ಲಿ ಕೂತು ಕೊನೆಗೆ ಒಟ್ಟಿಗೇ ಬಾಯ್ಲರ್‌ಗೆ ಬರುತ್ತದೆ. ಹಾಗಾಗಿ ಹೊಸ ಲೋಡಿಗೆ ಮುಂಚೆ ಗುಡಿಸಬೇಕು.

ಪ್ರಶ್ನೆ: ಗುಡಿಸಲೆಂದು ದಾಸ್ತಾನು ಕೋಣೆಯೊಳಗೆ ಇಳಿಯುವುದು ಅಪಾಯವೇ?

ಉತ್ತರ: ಹೌದು. ಮರದಲ್ಲಿರುವ ಕೊಬ್ಬಿನಾಮ್ಲ ಗಾಳಿಯ ಆಮ್ಲಜನಕದೊಡನೆ ಸೇರಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹೊರಬರುತ್ತದೆ, ಹೊಸ ಲೋಡ್ ಬಿದ್ದ ಮೊದಲ ವಾರಗಳಲ್ಲಿ ಹೆಚ್ಚು. ಅದಕ್ಕೆ ವಾಸನೆಯಿಲ್ಲ. ಬಾಯ್ಲರ್ ನಿಲ್ಲಿಸಿ, ಬಾಗಿಲು ತೆರೆದು ಕನಿಷ್ಠ 15 ನಿಮಿಷ ಗಾಳಿಯಾಡಲು ಬಿಡಿ. ಈ ಅನಿಲ ಅಳೆಯುವ ಮೀಟರ್ ಮೈಮೇಲಿರಲಿ, ಬಾಗಿಲ ಹೊರಗೆ ಇನ್ನೊಬ್ಬರು ನಿಂತಿರಲಿ. ದಾಸ್ತಾನು ನೆಲದಡಿಯ ಟ್ಯಾಂಕಿನಲ್ಲಿದ್ದರೆ ನೀವು ಇಳಿಯಲೇಬೇಡಿ, ಕಸುಬುದಾರರಿಗೆ ಬಿಡಿ.